ಮುದಿಯಪ್ಪನ ಗೋಡೆ ಸವಾಲಿಗೆ ಬಿದ್ದದ್ದು

ಕುಕನೂರಿನ ಬಸ್ ನಿಲ್ದಾಣದ ಎದುರಿಗೆ ಮುದಿಯಪ್ಪನದೊಂದು ಅಂಗಡಿಯಿತ್ತು. ಚಿತ್ರಕಥೆ ಪುಸ್ತಕಗಳನ್ನು ದಿನಕ್ಕೆ ಎಂಟಾಣೆಯಂತೆ ಬಾಡಿಗೆಗೆ ಕೊಡುತ್ತಿದ್ದ. ಅವನಲ್ಲಿ ಒಯ್ದ ಯಾವ ಪುಸ್ತಕಕ್ಕೂ ಕೊನೆಯ ಹಾಳೆ ಇರುತ್ತಿರಲಿಲ್ಲ. ಹೊಸ ಪುಸ್ತಕ ಬಂದ ಕೂಡಲೇ ಅವನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಆ ಹಾಳೆಯನ್ನು ಹರಿಯುವುದು. ಮೈದಾ ಹಿಟ್ಟಿಗೆ ಚೂರು ಮೈಲುತುತ್ತ ಹಾಕಿ ಕುದಿಸಿದ ಅಂಟು ಬಳಿದು ಅದನ್ನು ಅಂಗಡಿಯ ಒಳಗೋಡೆಗೆ ಬಡಿಯುತ್ತಿದ್ದ. ಕಥೆ ಏನಾಯಿತೆಂದು ಗೊತ್ತಾಗಬೇಕಾದರೆ ಒಯ್ದವನು ಪುಸ್ತಕ ತಂದು ಮುದಿಯಪ್ಪನ ಕೈಗಿಡಬೇಕು, ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಬಂದು ಗೋಡೆಯ ಮುಂದೆ ನಿಂತು ಓದಬೇಕು. ಠೇವಣಿ ಇಲ್ಲ, ಹೆಸರು ಬರೆದುಕೊಳ್ಳುವ ಪದ್ಧತಿ ಇಲ್ಲ. ಆದರೂ ಅಷ್ಟು ವರ್ಷಗಳಲ್ಲಿ ಅವನು ಕಳೆದುಕೊಂಡದ್ದು ಒಂದೇ ಒಂದು ಪುಸ್ತಕ. ಅದರ ಮಾತು ಮುಂದೆ ಬರುತ್ತದೆ.

ಮುದಿಯಪ್ಪ ಹುಟ್ಟಾ ಅಂಗಡಿಕಾರನಲ್ಲ. ದಲಾಲಿ ಹಂಪಣ್ಣನ ಅಡತಿ ಅಂಗಡಿಯಲ್ಲಿ ಹಮಾಲನಾಗಿದ್ದ. ಕೂಲಿ ಕೊಡುವ ದಿನ ಹಂಪಣ್ಣ ಹಮಾಲರನ್ನು ಮೆಟ್ಟಿಲ ಮೇಲೆ ಕೂಡ್ರಿಸಿ, ಒಳಗೆ ಹೋಗಿ ಉಂಡು, ಎಲೆ ಅಡಿಕೆ ಹಾಕಿ, ಒಂದು ನಿದ್ದೆ ತೆಗೆದು, ಆಮೇಲೆ ಬಂದು ರೊಕ್ಕದ ಗಲ್ಲೆ ತೆಗೆಯುತ್ತಿದ್ದ. ೧೯೯೭ರಲ್ಲಿ, ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ, ನಾವು ಹಮಾಲರು ಮುಷ್ಕರ ಮಾಡಿದೆವು. ಸೋತೆವು. ಹಂಪಣ್ಣ ಎಲ್ಲರನ್ನೂ ವಾಪಸ್ ಕರೆದ, ಮುದಿಯಪ್ಪನೊಬ್ಬನನ್ನು ಬಿಟ್ಟು. ಲಾರಿ ಹೊರಬರದಂತೆ ಗೇಟಿಗೆ ಅಡ್ಡ ಮಲಗಿದವನು ಅವನೇ. ಲಾರಿ ಹಿಂದಿನ ಗೇಟಿನಿಂದ ಹೋಗಿತ್ತು, ಆ ಮಾತು ಬೇರೆ.

ಕೆಲಸ ಕಳೆದುಕೊಂಡ ವಾರವೇ ಯಲಬುರ್ಗಾದ ಪೇಪರ್ ಏಜೆಂಟನೊಬ್ಬ ಮಾರಾಟವಾಗದ ಚಿತ್ರಕಥೆಗಳ ಗಂಟನ್ನು ತೂಕಕ್ಕೆ ಹಾಕುವವನಿದ್ದ. ಮುದಿಯಪ್ಪ ಅದನ್ನು ಹೊತ್ತು ತಂದು ಅಂಗಡಿ ಹೂಡಿದ.

ಹಂಪಣ್ಣನ ಮಕ್ಕಳೂ ಪುಸ್ತಕಕ್ಕೆ ಬರುತ್ತಿದ್ದರು. ಗೋಡೆಯ ಮುಂದೆ ಗರ್ದಿ ಇದ್ದರೆ ಮುದಿಯಪ್ಪ ಅವರನ್ನು ಮೆಟ್ಟಿಲ ಮೇಲೆ ಕೂಡ್ರಿಸುತ್ತಿದ್ದ. ಗರ್ದಿ ಇಲ್ಲದಿದ್ದರೂ ಕೂಡ್ರಿಸುತ್ತಿದ್ದ. ಒಂದು ದಿನ ಹಂಪಣ್ಣನೇ ಬಂದ. ಮನೆಯಲ್ಲಿ ಮಕ್ಕಳು ಬಿಟ್ಟುಹೋದ ಪುಸ್ತಕವನ್ನು ಅವನೇ ಓದಿ ಕೂತುಬಿಟ್ಟಿದ್ದ.

"ಏ ಮುದಿಯಾ, ಆ ಪೈಲ್ವಾನ ಬಾವ್ಯಾಗ ಬಿದ್ದನಲಾ, ಸತ್ತನೋ ಉಳದನೋ ಹೇಳಿ ಬಿಡಪಾ."

"ಹೇಳಾಕ ಬರಂಗಿಲ್ಲರಿ ಸಾವ್ಕಾರ್ರ. ಒಳಗ ಬಂದು ನೋಡ್ರಿ."

"ಅಲ್ಲಿಂದನ ಹೇಳಲೇ."

"ಒಳಗ ಬರ್ರಿ. ಚಪ್ಲಿ ಹೊರಗ."

ಹಂಪಣ್ಣ ರಸ್ತೆಯ ಎರಡೂ ದಿಕ್ಕಿಗೆ ನೋಡಿದ. ಚಪ್ಪಲಿ ಬಿಟ್ಟ. ಮುದಿಯಪ್ಪ ಅವನನ್ನೂ ಸ್ವಲ್ಪ ಹೊತ್ತು ಕಾಯಿಸಿದ, ಗೋಡೆಗೆ ಹೊಸ ಅಂಟು ಹಚ್ಚಿದ್ದೇನೆ, ಆರಲಿ ಎಂದ. ಆಗ ಅಂಟೂ ಇರಲಿಲ್ಲ, ಏನೂ ಇರಲಿಲ್ಲ. ಅಂದಿನಿಂದ ಆ ಗೋಡೆಯೆಂದರೆ ಮುದಿಯಪ್ಪನಿಗೆ ಜೀವ.

ಅವನ ಇನ್ನೊಂದು ವಿಚಿತ್ರವೆಂದರೆ ಅವನು ಒಂದು ಕಥೆಯನ್ನೂ ಪೂರ್ತಿ ಓದಿದವನಲ್ಲ. ಪುಸ್ತಕಗಳು ಸದಾ ಬಾಡಿಗೆಯ ಮೇಲೆ ಇರುತ್ತಿದ್ದವು, ಗೋಡೆ ಮಾತ್ರ ಅವನ ಎದುರಿಗಿತ್ತು. ಹೀಗಾಗಿ ಅವನಿಗೆ ಗೊತ್ತಿದ್ದದ್ದು ಬರೀ ಕೊನೆಗಳು. "ಎಲ್ಲಾ ಒಂದ ಅದಾವ್ರಿ," ಎನ್ನುತ್ತಿದ್ದ. "ಒಬ್ಬನ್ನ ಹಗ್ಗದಿಂದ ಕಟ್ತಾರ, ಇನ್ನೊಬ್ಬ ಕುದರಿ ಹತ್ತಿ ಹೋಗ್ತಾನ. ಯಾತಕ್ಕ ಕಟ್ಟಿದ್ರು ನಂಗ ಗೊತ್ತಿಲ್ಲ."

ಆಮೇಲೆ ಟಿವಿ ಬಂತು, ಫೋನು ಬಂತು. ಪುಸ್ತಕಗಳು ಓದಿಸಿಕೊಂಡು ಓದಿಸಿಕೊಂಡು ಚಿಂದಿಯಾಗಿ ಮುಗಿದವು. ಗೋಡೆ ಉಳಿಯಿತು. ಕಥೆಗಳಿಲ್ಲದ ಕೊನೆಗಳು, ನೆಲದಿಂದ ಜಂತಿಯವರೆಗೆ. ಮುದಿಯಪ್ಪ ದಿನಾ ಬಾಗಿಲು ತೆಗೆದು, ಕಸ ಹೊಡೆದು, ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಯಾರೂ ಬರುತ್ತಿರಲಿಲ್ಲ.

ಮನೆ ನಡೆಸುತ್ತಿದ್ದವಳು ಹೆಂಡತಿ ಕಳಕಮ್ಮ. ಹಿಂದಿನ ಓಣಿಯ ಮನೆಯಲ್ಲಿ ಕಟಕ ರೊಟ್ಟಿ ಸುಟ್ಟು, ಶೇಂಗಾ ಚಟ್ನಿ ಕುಟ್ಟಿ ಮಾರುತ್ತಿದ್ದಳು. ಗಿರಾಕಿ ಓಣಿ ಹುಡುಕಿಕೊಂಡು ಬರಬೇಕಿತ್ತು. ಬಸ್ ನಿಲ್ದಾಣದ ಎದುರಿಗೇ ಸ್ವಂತ ಅಂಗಡಿ ಇಟ್ಟುಕೊಂಡು ಓಣಿಯಲ್ಲಿ ಕೂಡುವುದು ಅವಳಿಗೆ ಸಾಕಾಗಿತ್ತು.

"ರುಂಡ ಕಡದ ಚಿತ್ರದ ಕೆಳಗ ಕುಂತು ರೊಟ್ಟಿ ತಿನ್ನು ಅಂದ್ರ ಯಾರ್ ತಿಂತಾರ?" ಎಂದಳು. "ಈ ಶ್ರಾವಣ ಮುಗದ ಮರದಿನ ಸುಣ್ಣ ಹೊಡಸ್ತೀನಿ ನೋಡ್ರಿ."

"ಹೊಡದಿಯವ್ವಾ! ಅದಕ್ಕ ಬೆಲಿ ಐತಿ," ಎಂದ ಮುದಿಯಪ್ಪ. ಬಾಯಿಗೆ ಬಂದದ್ದು ಅಂದ. ಆದರೆ ಅದು ಸುಳ್ಳಾಗಿರಲಿಲ್ಲ. ಅದು ಅವನ ದುರ್ದೈವ.

ಆ ಬೆಲೆಯನ್ನು ಹೊತ್ತು ತಂದವನು ಸಿದ್ದೇಶ. ಗಂಗಾವತಿಯವನು, ಕೊಪ್ಪಳದ ಒಂದು ಕಚೇರಿಯಲ್ಲಿ ಗುಮಾಸ್ತ, ಹಳೆಯ ಚಿತ್ರಕಥೆ ಕೂಡಿಡುವ ಹುಚ್ಚ. ಮೊದಲು ಈ ಹುಚ್ಚಿಗೆ ಬೆಲೆ ಎಂಬುದು ಇರಲಿಲ್ಲ, ಬಸ್ ಚಾರ್ಜು ಇತ್ತು, ಅಷ್ಟೆ. ರವಿವಾರ ಕೈಚೀಲ ಹಿಡಿದು ಗಂಗಾವತಿ, ಕುಷ್ಟಗಿಯ ರದ್ದಿ ಅಂಗಡಿಗಳಲ್ಲಿ ಕುಕ್ಕರಗಾಲಲ್ಲಿ ಕೂತು ಧೂಳು ತಿನ್ನುವುದು, ಸಿಕ್ಕದ್ದನ್ನು ತೂಕಕ್ಕೆ ಕೊಳ್ಳುವುದು, ಎರಡೆರಡಿದ್ದರೆ ಇನ್ನೊಬ್ಬ ಹುಚ್ಚನಿಗೆ ಕೊಟ್ಟು ಅವನಲ್ಲಿದ್ದದ್ದು ತರುವುದು, ಇಬ್ಬರೂ ಕೂಡಿ ಚಹಾ ಕುಡಿಯುವುದು.

ಫೋನಿನಲ್ಲಿ ಹರಾಜು ಶುರುವಾದದ್ದೇ ಚಹಾ ನಿಂತಿತು. ಗಂಗಾವತಿಯ ರದ್ದಿ ಅಂಗಡಿಯ ಖೈರುನಬಿ ಒಂದು ರವಿವಾರ ಸಿದ್ದೇಶನ ಕೈಯಿಂದ ಪುಸ್ತಕ ಕಸಿದುಕೊಂಡಳು.

"ತಕ್ಕಡ್ಯಾಗ ಇಡಬ್ಯಾಡ ಬೇಟಾ. ಅದು ಈಗ ಫೋನಿನ್ಯಾಗ ತೂಗ್ತೈತಿ."

"ಖಾಲಾ, ಅದರಾಗ ಏನೈತಿ ಅಂತರ ತಗದು ನೋಡೀಯೇನು?"

"ನಾ ಯಾಕ ನೋಡ್ಲಿ? ಓದಿದ್ರ ರೇಟು ಇಳಿತೈತಂತಲಾ."

ಅದು ನಿಜ. ಯಾರೂ ಮುಟ್ಟದ ಪುಸ್ತಕಕ್ಕೆ ಹೆಚ್ಚು ಬೆಲೆ, ತಾಲೂಕೆಲ್ಲ ಓದಿದ ಪುಸ್ತಕಕ್ಕೆ ಬೆಲೆಯೇ ಇಲ್ಲ. ಮುಂಬೈಯಲ್ಲಿ ಕೂತ, ಕನ್ನಡ ಅಕ್ಷರ ಬಾರದವನೂ ಕನ್ನಡ ಚಿತ್ರಕಥೆಗೆ ಕೂಗುತ್ತಿದ್ದ. ಸಿದ್ದೇಶನೂ ಪುಸ್ತಕ ಮುಟ್ಟಲು ಬಿಳಿ ಕೈಗವಸು ತೊಡುವುದನ್ನು ಕಲಿತ, ಬ್ಯಾಂಡಿನವರು ತೊಡುತ್ತಾರಲ್ಲ, ಅಂಥವು.

ಈ ಹರಾಜಿನಲ್ಲಿ ಎಲ್ಲರೂ ಬಾಯಿ ಬಿಡುತ್ತಿದ್ದ ಪುಸ್ತಕವೊಂದಿತ್ತು. ಮುಚ್ಚಿಹೋದ ಯಾವುದೋ ಹುಬ್ಬಳ್ಳಿ ಪ್ರೆಸ್ಸಿನ "ಪಾತಾಳ ಪೈಲ್ವಾನ", ಹದಿಮೂರನೆಯ ಸಂಚಿಕೆ. ಅದು ಎರಡು ಸಲ ಅಚ್ಚಾಗಿತ್ತು. ಮೊದಲ ಸಲದ್ದರಲ್ಲಿ ಕೊನೆಯ ಹಾಳೆಯ ಹಿಂಬದಿಗೆ ಛತ್ರಿಯ ಜಾಹೀರಾತು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಹಲ್ಲುಪುಡಿಯ ಜಾಹೀರಾತು, ಮೀಸೆ ತಿರುವಿದ ಒಬ್ಬ ಹಲ್ಲು ಕಿಸಿಯುತ್ತಾನೆ. ಕಥೆ ಎರಡರಲ್ಲೂ ಒಂದೇ. ಬಣ್ಣ ಎರಡನೆಯದರಲ್ಲೇ ಚೆನ್ನ. ಆದರೆ ಛತ್ರಿ ಇದ್ದದ್ದಕ್ಕೆ ಹಲ್ಲುಪುಡಿಯದಕ್ಕಿಂತ ಇಪ್ಪತ್ತು ಪಟ್ಟು ಬೆಲೆ.

ಸಿದ್ದೇಶ ಪುಣೆಯವನೊಬ್ಬನಿಂದ ಆ ಸಂಚಿಕೆಯನ್ನು ಫೋನಿನಲ್ಲಿ ಗೆದ್ದು ತರಿಸಿಕೊಂಡ. ಬಂದ ಮೇಲೆ ನೋಡಿದರೆ ಕೊನೆಯ ಹಾಳೆಯೇ ಇಲ್ಲ. ಅದರ ಹಿಂದಿನ ಪುಟದಲ್ಲಿ ನೀಲಿ ಶಾಯಿಯ ಮೊಹರು: "ಕೊನೆ ಹಾಳೆಗೆ ಬರಬೇಕು. ಮುದಿಯಪ್ಪ, ಬಸ್ ನಿಲ್ದಾಣದ ಎದುರು, ಕುಕನೂರು." ಮುದಿಯಪ್ಪ ಕಳೆದುಕೊಂಡಿದ್ದ ಆ ಒಂದು ಪುಸ್ತಕ ಇದೇ. ಹೇಗೆ ಪುಣೆಗೆ ಹೋಗಿತ್ತೋ, ಪೈಲ್ವಾನನೇ ಬಲ್ಲ.

೨೦೧೭ರ ಶ್ರಾವಣದ ಮೊದಲ ವಾರ ಸಿದ್ದೇಶ ಬಿಳಿ ಕೈಗವಸು ತೊಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಪುಸ್ತಕ ಹಿಡಿದು ಅಂಗಡಿಯ ಮುಂದೆ ನಿಂತ. ಮುದಿಯಪ್ಪ ಮೊಹರು ನೋಡಿದ. ಕೈ ಚಾಚಿ ಪುಸ್ತಕ ಇಸಿದುಕೊಂಡು ಖಾಲಿ ಕಪಾಟಿನಲ್ಲಿಟ್ಟ.

"ಭಾಳ ದಿನಕ್ಕ ತಂದಿ. ದಿನಕ್ಕ ಎಂಟಾಣೆ. ಲೆಕ್ಕಾ ನೀನ ಹಾಕು."

"ಕಾಕಾ, ನಾ ಒಯ್ದಿದ್ದಲ್ರಿ ಅದು! ರೊಕ್ಕ ಕೊಟ್ಟು ತಗೊಂಡೀನಿ!"

"ಯಾರಿಗೆ ಕೊಟ್ಟಿ? ಪುಸ್ತಕ ನಂದಲಾ. ಇರ್ಲಿ, ಚಪ್ಲಿ ಬಿಟ್ಟು ಒಳಗ ಬಾ. ಗ್ವಾಡಿ ನೋಡು."

ಸಿದ್ದೇಶ ಒಳಗೆ ಬಂದ. ಜಂತಿಯ ಕೆಳಗೆ, ಎಡಕ್ಕೆ, ಪೈಲ್ವಾನ ಬಾವಿಯಿಂದ ಎದ್ದು ಬರುತ್ತಿದ್ದ. ಅವನನ್ನು ನೋಡಿ ಸಿದ್ದೇಶನಿಗೆ ಆದ ಸಂತೋಷ ಅರೆಗಳಿಗೆಯದು. ಹಾಳೆಯ ಹಿಂಬದಿ ಗೋಡೆಗೆ ಅಂಟಿತ್ತು. ಅಲ್ಲಿರುವುದು ಛತ್ರಿಯೋ ಹಲ್ಲುಪುಡಿಯೋ? ಮೂಲೆಗೆ ಉಗುರು ಹಾಕಿ ನೋಡಿದ. ಆ ಅಂಟು ಜಗ್ಗುವಂಥದ್ದಲ್ಲ. ಮೈಲುತುತ್ತ ಕುಡಿದು ಕಾಗದ, ಮಣ್ಣು, ಗೋಡೆ ಎಲ್ಲ ಒಂದೇ ಜೀವವಾಗಿತ್ತು.

"ಈ ಹಾಳಿ ಒಂದು ನಂಗ ಕೊಡ್ರಿ ಕಾಕಾ. ಹದಿನೆಂಟು ಸಾವಿರ ಕೊಡ್ತೀನಿ."

ಆ ಮಾತು ಮುದಿಯಪ್ಪನಿಗಿಂತ ಮೊದಲು ಚಟ್ನಿಯ ಡಬ್ಬಿ ಹಿಡಿದು ಬಾಗಿಲಿಗೆ ಬಂದಿದ್ದ ಕಳಕಮ್ಮನಿಗೆ ಕೇಳಿಸಿತು. ಅವಳು ಮೊದಲು ಮಾಡಿದ ಕೆಲಸ ಕಪಾಟಿನ ಪುಸ್ತಕ ತೆಗೆದು ಸಿದ್ದೇಶನ ಕೈಗೆ ವಾಪಸ್ ಕೊಟ್ಟದ್ದು, ಗಿರಾಕಿಯನ್ನು ಹೆದರಿಸಬಾರದೆಂದು. ಎರಡನೆಯದು ಅವನನ್ನು ವಿಚಾರಿಸಿದ್ದು.

"ಅದರ ಖರೇ ಬೆಲಿ ಅಷ್ಟ ಏನು ತಮ್ಮಾ? ನೀ ಹೇಳಿದ್ದ ಬೆಲಿನ?"

ಸಿದ್ದೇಶ ಪ್ರಾಮಾಣಿಕ, ಮೇಲಾಗಿ ತಿಳಿದದ್ದನ್ನು ಹೇಳಿಕೊಳ್ಳುವ ಚಟದವನು. ಫೋನು ತೆಗೆದು ಹರಾಜು ಹೇಗೆ ನಡೆಯುತ್ತದೆ, ಯಾರು ಎಲ್ಲಿಂದ ಕೂಗುತ್ತಾರೆ, ಬೆಲೆ ಹೇಗೆ ಏರುತ್ತದೆ ಎಲ್ಲ ತೋರಿಸಿದ.

"ಹಂಗಾರ ಅದರಾಗ ಹಾಕು," ಎಂದಳು ಕಳಕಮ್ಮ. ತನ್ನ ಗುಂಡಿಯನ್ನು ತಾನೇ ತೋಡಿಕೊಂಡದ್ದು ಸಿದ್ದೇಶನಿಗೆ ಆಗ ತಿಳಿಯಿತು.

ಮುದಿಯಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತ. "ಒಂದು ಹಾಳಿ ಕೊಡಂಗಿಲ್ಲ. ಕೊಟ್ರ ಇಡೀ ಗ್ವಾಡಿನ ಕೊಡೂದು." ಗೋಡೆಯನ್ನು ಯಾರು ಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ.

"ಹಾಕ್ರಿ. ಮಾರಿ ಹೋದ್ರ ಕಿತ್ಕೊಂಡು ಒಯ್ಯಲಿ. ಮಾರಲಿಲ್ಲಂದ್ರ ಶ್ರಾವಣ ಮುಗದ ಮರದಿನ ಸುಣ್ಣ," ಎಂದಳು ಕಳಕಮ್ಮ.

ಹೇಗಾದರೂ ಮುದಿಯಪ್ಪನ ಗೋಡೆ ಹೋಗುವುದೇ. ಆದರೆ ಒಂದು ತಿಂಗಳ ಉಸಿರು ಸಿಕ್ಕಿತಲ್ಲ ಎಂದು ಒಪ್ಪಿದ. ಸಿದ್ದೇಶ ಫೋನಿನಲ್ಲಿ ಕೇಳಿದ್ದನ್ನೆಲ್ಲ ಮುದಿಯಪ್ಪನ ಹೆಸರಿನಲ್ಲಿ ತುಂಬಿದ. ವಸ್ತು: ಗೋಡೆ, ಒಂದು. ಹೊಸದೋ ಬಳಸಿದ್ದೋ: ಬಳಸಿದ್ದು. ಸಾಗಣೆ ಖರ್ಚು: ಕೊಳ್ಳುವವರದು. ಮುಗಿಯುವ ದಿನ: ಶ್ರಾವಣದ ಕೊನೆಯ ಶನಿವಾರ, ಮಧ್ಯಾಹ್ನ.

ಆ ಶನಿವಾರ ನಮ್ಮಲ್ಲಿ ಹನುಮಪ್ಪನ ಗುಡಿಯ ಕಾಯಿ ಸವಾಲು, ಎಂದರೆ ಹರಾಜು. ತಿಂಗಳ ಭಜನೆ ಮುಗಿದ ದಿನ ದೇವರ ಮುಂದಿನ ತೆಂಗಿನಕಾಯಿಯನ್ನು ಗುಡಿಯ ಅಂಗಳದಲ್ಲಿ ಕೂಗುತ್ತಾರೆ. ಹೆಚ್ಚು ಕೂಗಿದವನಿಗೆ ರುಮಾಲು ಸುತ್ತಿ, ಕಾಯಿ ಕೈಗೆ ಕೊಟ್ಟು ಕಳಿಸುತ್ತಾರೆ. ಕಾಯಿ ಅಂದೇ ಮನೆಗೆ. ರೊಕ್ಕ ಮಾತ್ರ ಮುಂದಿನ ಶ್ರಾವಣಕ್ಕೆ. ಅಜ್ಜ ಮುತ್ತಜ್ಜರ ಕಾಲದಿಂದ ಹೀಗೆಯೇ. ನಮ್ಮ ಊರಿನವರಿಗೆ ಸವಾಲೆಂದರೆ ಇದೊಂದೇ ಗೊತ್ತು.

ಆ ವರ್ಷ ಕಾಯಿ ಹಂಪಣ್ಣನ ಕೈ ತಪ್ಪಿತು. ಗೆದ್ದವನು ವಿರುಪಣ್ಣ. ಅವನು ಶ್ರೀರಾಮನಗರಕ್ಕೆ ಹೋಗಿ, ಕಾಲುವೆ ನೀರಿನಲ್ಲಿ ಭತ್ತ ಬೆಳೆದು, ಅಕ್ಕಿ ಗಿರಣಿ ಹಾಕಿದವನು. ವರ್ಷಕ್ಕೊಮ್ಮೆ ಕಾರಿನಲ್ಲಿ ಬಂದು ಹುಟ್ಟಿದ ಊರಿಗೆ ದೊಡ್ಡಸ್ತಿಕೆ ತೋರಿಸಿ ಹೋಗುತ್ತಿದ್ದ. ರುಮಾಲು ಸುತ್ತಿಸಿಕೊಳ್ಳುತ್ತ ಹಂಪಣ್ಣನ ಕಡೆ ನೋಡಿ, "ಏನ್ ದಲಾಲ್ರ, ಈ ವರ್ಷ ಜ್ವಾಳಾ ಸಣ್ಣಗ ಬಿತ್ತೇನು?" ಎಂದ. ಅಂಗಳ ನಕ್ಕಿತು.

ಹಂಪಣ್ಣ ಮುಖ ತಿರುಗಿಸಿದ ಕಡೆ ಸಿದ್ದೇಶ ನಿಂತಿದ್ದ, ಕಣ್ಣು ಫೋನಿನಲ್ಲಿ. ಗೋಡೆಯ ಹರಾಜು ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಅವನದೇ ಹದಿನೆಂಟು ಸಾವಿರ ಎಲ್ಲರಿಗಿಂತ ಮೇಲಿತ್ತು.

"ಅದೇನಪಾ ಅದು?"

"ಮುದಿಯಪ್ಪ ಕಾಕಾರ ಗ್ವಾಡಿ ಸವಾಲ್ರಿ."

"ಯಾವ ಗ್ವಾಡಿ?" ಎಂದವನು ತಾನೇ ಉತ್ತರ ಹೇಳಿಕೊಂಡ. "ಆ ಗ್ವಾಡಿ! ಆ ಗ್ವಾಡಿ ಮುಂದ ನಾ ಚಪ್ಲಿ ಬಿಟ್ಟು ನಿಂತೀನೋ!" ತನ್ನ ಫೋನು ತೆಗೆದ. "ಇದರಾಗ ಎಲ್ಲೆ ಒತ್ತಬೇಕು, ಹೇಳು."

ಹಂಪಣ್ಣ ಇಪ್ಪತ್ತು ಸಾವಿರ ಒತ್ತಿದ. ಏನಿದೆಯೆಂದು ತಿಳಿಯದಿದ್ದರೂ, ಹಂಪಣ್ಣನಿಗೆ ಬೇಕಾದದ್ದು ಅವನಿಗೆ ಸಿಗಬಾರದೆಂದು ವಿರುಪಣ್ಣ ಇಪ್ಪತ್ತೈದು ಒತ್ತಿದ. ಕಾಯಿ ಕೂಗುವವನು ಇನ್ನೂ ಕಟ್ಟೆ ಇಳಿದಿರಲಿಲ್ಲ. ಇಬ್ಬರ ಫೋನು ಇಣುಕಿ ನೋಡಿ ಇದನ್ನೂ ಕೂಗತೊಡಗಿದ. "ಮುದಿಯಪ್ಪನ ಗ್ವಾಡಿ, ನಲವತ್ತು ಸಾವಿರ, ಒಂದನೇ ಸಲಾ! ಏ ಕೇಳ್ರೀ, ಗ್ವಾಡಿ ನಲವತ್ತು ಸಾವಿರ!" ಡೊಳ್ಳು ಬಡಿದರು. ಬೆಂಗಳೂರಿನಿಂದ, ಮುಂಬೈಯಿಂದ ಕೂಗುತ್ತಿದ್ದವರು ಗಾಬರಿಯಾಗಿ ಬಿಟ್ಟುಕೊಟ್ಟರು. ಸಿದ್ದೇಶ ಗುಡಿಯ ಕಂಬಕ್ಕೆ ಆತು ನಿಂತುಬಿಟ್ಟ. ಹೊತ್ತು ಮುಗಿದಾಗ ಹಂಪಣ್ಣನ ಒಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು ನಿಂತಿತ್ತು. ಅವನಿಗೂ ಒಂದು ರುಮಾಲು ಸುತ್ತಿದರು.

ಎರಡು ದಿನದೊಳಗೆ ರೊಕ್ಕ ಕಟ್ಟಿ ಎಂದು ಹರಾಜಿನವರಿಂದ ಹಂಪಣ್ಣನ ಫೋನಿಗೆ ಸಂದೇಶ ಬಂತು. ಅವನು ಕೆಂಡವಾದ.

"ಎರಡ ದಿನದಾಗ ಕೊಡೂದು ಯಾವೂರ ಪದ್ಧತಿ? ನಾ ಏನ್ ಓಡಿ ಹೋಗ್ತೀನಿ? ಬರೋ ಶ್ರಾವಣಕ್ಕ ಕೊಡ್ತೀನಿ ಅಂತ ಬರಿ."

ಸಿದ್ದೇಶ ಹಾಗೆಯೇ ಬರೆದು ಕಳಿಸಿದ. ಹರಾಜಿನವರು ಹಂಪಣ್ಣನನ್ನು ಬಹಿಷ್ಕರಿಸಿದರು. ಅವನ ಪರವಾಗಿ ಬರೆದು ಬಯ್ದ ಊರಿನ ಇನ್ನೂ ಹಲವರನ್ನು ಬಹಿಷ್ಕರಿಸಿದರು. ಅವನ ನಂತರದ ಬೆಲೆ ಕೂಗಿದ್ದ ವಿರುಪಣ್ಣನೂ ಕೇಳಿದ್ದಕ್ಕೆ ಅದೇ ಉತ್ತರ ಕೊಟ್ಟು ಹೋದ. ಬಹಿಷ್ಕಾರ ಎಂಬುದನ್ನು ನಮ್ಮ ಕಡೆ ನಾನು ಬಹಳ ನೋಡಿದ್ದೇನೆ, ಆದರೆ ಸಾವ್ಕಾರರಿಗೇ ಬಹಿಷ್ಕಾರ ಬಿದ್ದದ್ದು ನೋಡಿದ್ದು ಅದೇ ಮೊದಲು.

ಫೋನಿನ ಲೆಕ್ಕದಲ್ಲಿ ಸವಾಲು ರದ್ದಾಯಿತು. ಊರಿನ ಲೆಕ್ಕದಲ್ಲಿ ಗೋಡೆ ಹಂಪಣ್ಣನದು. ಶ್ರಾವಣ ಮುಗಿದ ಮರುದಿನ ಕಳಕಮ್ಮ ಸುಣ್ಣ ಕಲಸಿಕೊಂಡು ಬಂದರೆ ನಾಲ್ಕು ಮಂದಿ ಅಡ್ಡ ಬಂದರು. ಸವಾಲಿನಲ್ಲಿ ಹೋದ ವಸ್ತು, ಬೇರೆಯವರದು, ಹೇಗೆ ಸುಣ್ಣ ಹೊಡೆಯುತ್ತೀ? ಅವಳು ಬಕೆಟ್ಟು ಅಲ್ಲೇ ಕುಕ್ಕಿ ಹೋದಳು. ಆಗ ಹಂಪಣ್ಣ ತನ್ನ ಗೋಡೆ ನೋಡಲು ಬಂದ. ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ಕಾಲಿಟ್ಟ.

"ಇವತ್ತ ಚಪ್ಲಿ ಬಿಡಂಗಿಲ್ಲ ಮುದಿಯಾ. ಗ್ವಾಡಿ ನಂದು."

"ಹೌದರಿ, ಗ್ವಾಡಿ ನಿಮ್ದ," ಎಂದ ಮುದಿಯಪ್ಪ. "ನೆಲಾ ನಂದು."

ಹಂಪಣ್ಣ ಚಪ್ಪಲಿ ಬಿಟ್ಟ.

ಆ ವರ್ಷ ಮುದಿಯಪ್ಪ ಬಹಳ ಸುಖವಾಗಿದ್ದ. ಗೋಡೆ ಮಾರಾಟವಾಗಿತ್ತು, ಆದರೆ ಹೋಗಿರಲಿಲ್ಲ. ತನ್ನ ಗೋಡೆಗೆ ತಾನೇ ಕಾವಲುಗಾರನಂತೆ ಕೂತು, ಒಂದು ಲಕ್ಷದ ಗೋಡೆ ನೋಡಲು ಬಂದವರನ್ನೆಲ್ಲ ಮೆಟ್ಟಿಲ ಮೇಲೆ ಕಾಯಿಸಿದ.

ಹೊರಗಿನ ಹುಚ್ಚರ ಲೋಕದಲ್ಲಿ ಬೇರೆಯದೇ ನಡೆಯಿತು. ಹಂಪಣ್ಣ ಒಂದು ಪೈಸೆ ಕೊಡದಿದ್ದರೂ ಅವನು ಕೂಗಿದ ಬೆಲೆಯ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಬರೀ ಕೊನೆಯ ಹಾಳೆಗಳಿಗೆ ಲಕ್ಷ! ಪೇಟೆಯಲ್ಲಿ ಕೊನೆಯ ಹಾಳೆಗೆ ಬೇಡಿಕೆ ಎದ್ದಿತು. ಖೈರುನಬಿ ತನ್ನಲ್ಲಿದ್ದ ಪುಸ್ತಕಗಳ ಕೊನೆಯ ಹಾಳೆಗಳನ್ನೆಲ್ಲ ಪರಪರ ಹರಿದು ಬೇರೆ ಕಟ್ಟು ಕಟ್ಟಿದಳು. ಅವಳನ್ನು ನೋಡಿ ಕುಷ್ಟಗಿಯವರು ಹರಿದರು, ಹೊಸಪೇಟೆಯವರು ಹರಿದರು. ಆರು ತಿಂಗಳಲ್ಲಿ ಎಲ್ಲಿ ನೋಡಿದರೂ ಕೊನೆಯ ಹಾಳೆಗಳು, ಬೆಲೆ ನೆಲಕ್ಕೆ ಬಿತ್ತು. ಈಗ ಕೊನೆಯ ಹಾಳೆ ಇರುವ ಪುಸ್ತಕವೇ ಸಿಗದಾಯಿತು, ಅದಕ್ಕೆ ಬೆಲೆ ಏರಿತು. ಹರಿದವರೆಲ್ಲ ಮತ್ತೆ ಅಂಟಿಸಲು ಕೂತರು. ಯಾವ ಹಾಳೆ ಯಾವ ಪುಸ್ತಕದ್ದೆಂದು ಯಾರಿಗೆ ಗೊತ್ತು? ಓದಿದವರು ಯಾರೂ ಇರಲಿಲ್ಲವಲ್ಲ. ಒಂದು ಕಥೆಯ ರಾಕ್ಷಸ ಇನ್ನೊಂದು ಕಥೆಯಲ್ಲಿ ಸತ್ತ.

ಮುಂದಿನ ಶ್ರಾವಣ ಬಂತು. ಹಂಪಣ್ಣನನ್ನು ರೊಕ್ಕ ಕೇಳಲು ಕಳಕಮ್ಮನೇ ಹೋದಳು. "ಅದೇನು ದೇವರ ಸವಾಲೇನವ್ವಾ? ಫೋನಿಂದು. ಅವ್ರ ರದ್ದ ಮಾಡ್ಯಾರ," ಎಂದು ಕೈ ತೊಳೆದುಕೊಂಡ. ಅವಳು ಬಂದು ಗಂಡನಿಗೆ ಹೇಳಿದರೆ ಅವನು ಬೆಲ್ಲ ತಿಂದವನಂತೆ ನಕ್ಕ.

"ಹೋಗ್ಲಿ ಬಿಡು. ಮಾರಿಲ್ಲಂದಂಗಾತು."

"ಮಾರಿಲ್ಲಲಾ? ಹಂಗಾರ ಮತ್ತ ಸವಾಲಿಗೆ ಹಾಕ್ರಿ. ಈ ಸಲ ಇತ್ಯರ್ಥ ಆಗ್ಲಿ."

ಮುದಿಯಪ್ಪ ಖುಷಿಯಿಂದಲೇ ಹಾಕಿಸಿದ. ಮತ್ತೆ ಯಾರಾದರೂ ಕೂಗಿ ಕೊಡದೆ ಹೋಗುತ್ತಾರೆ, ಮತ್ತೊಂದು ವರ್ಷ ಗೋಡೆ ನಿಲ್ಲುತ್ತದೆ ಎಂದು ಅವನ ಅಂದಾಜು. ಆದರೆ ಕೂಗುವವರೇ ಇರಲಿಲ್ಲ. ಊರಿನ ದೊಡ್ಡವರ ಫೋನುಗಳು ಬಹಿಷ್ಕಾರದಲ್ಲಿದ್ದವು, ಹೊರಗಿನವರಿಗೆ ಕೊನೆಯ ಹಾಳೆ ಎಂದರೆ ವಾಕರಿಕೆ. ಉಳಿದವನು ಸಿದ್ದೇಶನೊಬ್ಬ. ಛತ್ರಿಯೋ ಹಲ್ಲುಪುಡಿಯೋ ಎಂಬುದು ಅವನಿಗೆ ಒಂದು ವರ್ಷ ಅನ್ನ ಸೇರಿಸಿರಲಿಲ್ಲ. ಶನಿವಾರ ಬೆಳಗಿನ ಬಸ್ಸಿಗೇ ಬಂದ. ಕೊನೆಯ ಗಳಿಗೆಯಲ್ಲಿ ಒತ್ತಿದರೆ ಅಗ್ಗಕ್ಕೆ ಸಿಗುತ್ತದೆ ಎಂಬುದು ಈ ಹರಾಜಿನವರ ಹಳೆಯ ಯುಕ್ತಿ. ಐದು ಸಾವಿರ ಮೊದಲೇ ಒತ್ತಿಟ್ಟು, ಯಾರಾದರೂ ಮೇಲೆ ಬಂದರೆ ಕೊನೆಗೆ ನೋಡಿಕೊಳ್ಳೋಣವೆಂದು ಮುದಿಯಪ್ಪನ ಮನೆಯಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಕಳಕಮ್ಮ ಅವನ ಮುಂದೆ ತಾಟು ಇಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಚಟ್ನಿ, ಮೇಲೆ ಹಸಿ ಶೇಂಗಾ ಎಣ್ಣೆ.

"ಯಕ್ಕಾ, ಆಮ್ಯಾಲೆ ಉಣ್ತೀನ್ರಿ."

"ಬಿಸಿ ಇದ್ದಾಗ ಉಣ್ಣಪಾ. ಮನಿಗೆ ಬಂದಾವ ಉಪವಾಸ ಕುಂದರತಿಯೇನು?"

ಅವನು ಬಿಳಿ ಕೈಗವಸು ಬಿಚ್ಚಿ ಉಣ್ಣತೊಡಗಿದ. ಅವಳು ಎಣ್ಣೆ ಹಾಕುತ್ತಲೇ ಇದ್ದಳು. ಹೊತ್ತು ಮುಗಿಯಲು ಒಂದು ತುತ್ತಿನಷ್ಟು ವೇಳೆ ಇದ್ದಾಗ ಫೋನು ಕುಂಯ್ ಎಂದಿತು: ಐದು ಸಾವಿರದ ಒಂದು. ಕೂಗಿದ್ದು ಒಳಕೋಣೆಯಲ್ಲಿ ಕೂತ ಲಾಲಬೀಯ ಫೋನಿನಿಂದ. ಲಾಲಬೀ ಕಳಕಮ್ಮನ ಜೊತೆ ರೊಟ್ಟಿ ಬಡಿಯುವವಳು. ಸಿದ್ದೇಶ ಫೋನಿನ ಮೇಲೆ ಬೆರಳೊತ್ತಿದ. ಜಾರಿತು. ಇನ್ನೊಂದು ಬೆರಳು ಒತ್ತಿದ. ಗಾಜಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಚಟ್ನಿ. ಮೂಗಿನಿಂದ ಒತ್ತಲು ಬಗ್ಗಿದ. ಅಷ್ಟರಲ್ಲಿ ಮುಗಿದಿತ್ತು.

ಮುದಿಯಪ್ಪ ಆತುರದಿಂದ ಕೇಳಿದ. "ಯಾರ್ ಗೆದ್ರು?"

"ನಾನ," ಎಂದಳು ಕಳಕಮ್ಮ.

"ರೊಕ್ಕ?"

"ಬರೋ ಶ್ರಾವಣಕ್ಕ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕಾಯಿ ಅಂದೇ ಮನೆಗೆ. ಗೆದ್ದವರು ಕಾಯಿಯನ್ನು ಒಡೆದೂ ತಿನ್ನಬಹುದು, ಕೇಳುವವರಿಲ್ಲ.

ಕಳಕಮ್ಮ ಕೆಟ್ಟವಳಲ್ಲ. ಎಣ್ಣೆ ಹಾಕಿದ ತಪ್ಪಿಗೋ ಏನೋ, ಸುಣ್ಣಕ್ಕೆ ಮೊದಲು ನಿನ್ನ ಹಾಳೆ ಕೆತ್ತಿಕೋ ಎಂದು ಸಿದ್ದೇಶನಿಗೆ ಅಂದಳು. ಅವನು ಗೌಂಡಿಯನ್ನು ಕರೆತಂದ. ಗೌಂಡಿ ಪೈಲ್ವಾನನ ಸುತ್ತ ಉಳಿ ಹಾಕಿ ಮೆಲ್ಲಗೆ ಬಡಿದ. ಮಣ್ಣಿನ ಗೋಡೆ ಮರ್ಯಾದೆಯಿಂದ ಕೆಳಗಿಳಿಯುವಂಥದ್ದಲ್ಲ. ಬಾವಿ, ಪೈಲ್ವಾನ, ಹಗ್ಗ ಎಲ್ಲ ಪುಡಿಯಾಗಿ ಸಿದ್ದೇಶನ ತಲೆಯ ಮೇಲೆ ಬಿತ್ತು. ಆ ಪುಡಿಯಲ್ಲಿ ಹಿಂಬದಿ ಕಾಣುವ ಒಂದೇ ಚೂರು ಸಿಕ್ಕಿತು, ಹೆಬ್ಬೆರಳಿನ ಉಗುರಿನಷ್ಟು. ಅದರಲ್ಲಿ ಕಪ್ಪಗೆ ಬಾಗಿದ ಒಂದು ಗೆರೆ. ಛತ್ರಿಯ ಹಿಡಿಕೆ ಎಂದು ಸಿದ್ದೇಶ ಕುಣಿದ. ಹಲ್ಲುಪುಡಿಯವನ ಮೀಸೆಯ ತುದಿ ಎಂದು ಹರಾಜಿನ ಹುಚ್ಚರು ಇವತ್ತಿಗೂ ಅವನ ಜೊತೆ ಜಗಳಾಡುತ್ತಾರೆ.

ಉಳಿದ ಗೋಡೆಗೆ ಸುಣ್ಣ. ಮುದಿಯಪ್ಪ ಹಳೆಯ ಚಟದಂತೆ ಗೋಡೆಯ ಬುಡಕ್ಕೆ ಅಡ್ಡ ಮಲಗಿದ. "ಮೊದಲ ನನ್ನ ಮ್ಯಾಲ ಹೊಡಿ," ಎಂದ. ಕಳಕಮ್ಮ, ಲಾಲಬೀ ಇಬ್ಬರೂ ಕುಂಚ ಹಿಡಿದು ಅವನನ್ನು ದಾಟಿ ನಿಂತು ಹೊಡೆದರು. ಕೆಳಗಿನ ಸಾಲಿಗೆ ಬಂದಾಗ ನಿಜವಾಗಿಯೂ ಅವನ ಮೇಲೆ ಹೊಡೆದರು. ಸಂಜೆ ಅವನು ಎದ್ದಾಗ ಒಂದು ಮಗ್ಗುಲು ಪೂರ್ತಿ ಬೆಳ್ಳಗಾಗಿತ್ತು. ಎಂಟು ದಿನ ಯಾರ ಜೊತೆಯೂ ಮಾತಾಡಲಿಲ್ಲ. ರೊಟ್ಟಿ ಮಾತ್ರ ಬಿಡಲಿಲ್ಲ.

ಅಂಗಡಿಯಲ್ಲಿ ರೊಟ್ಟಿ ಚೆನ್ನಾಗಿ ಓಡಿತು. ಮುದಿಯಪ್ಪ ಗಿರಾಕಿಗಳಿಗೆ ನೀರು ಕೊಡುತ್ತಿದ್ದ. ನಮ್ಮ ಕಡೆಯ ಹಳ್ಳಿ ಮಂಗಳೂರು, ಯಲಬುರ್ಗಾ ಬಸ್ಸಿನವರು ಮೆಟ್ಟಿಲ ಮೇಲೆ ನಿಂತೇ ತಿಂದು, ಲೋಟ ಎತ್ತಿಕೊಟ್ಟು, ಕರೆದಾಗ ಕರೆದಾಗ ಅವನನ್ನು ಓಡಾಡಿಸಿದರು. ಈಗ ಅವನಿಗಾಗಿ ಯಾರೂ ಕಾಯುತ್ತಿರಲಿಲ್ಲ. ಅವನೇ ಮತ್ತೆ ಬೇರೆಯವರಿಗಾಗಿ ನಿಲ್ಲುವವನಾಗಿದ್ದ.

ಮುಂದಿನ ಶ್ರಾವಣದ ಕೊನೆಯ ಶನಿವಾರ ಕಳಕಮ್ಮ ಹನುಮಪ್ಪನ ಗುಡಿಯ ಅಂಗಳಕ್ಕೆ ಬಂದಳು. ಊರು ನೋಡುತ್ತಿರಲು, ಹಂಪಣ್ಣ ನೋಡುತ್ತಿರಲು, ಐದು ಸಾವಿರದ ಒಂದನ್ನು ಗಂಡನ ಕೈಗಿಟ್ಟಳು.

"ಸವಾಲಿನ ರೊಕ್ಕ. ತಗೋರಿ. ಕೊಡದ ಮಂದಿ ಬ್ಯಾರೇ ಅದಾರ."

ಹಂಪಣ್ಣ ಕಾಯಿ ಕೂಗುವುದಕ್ಕೂ ನಿಲ್ಲದೆ ಮನೆಗೆ ಹೋದ.

ಆ ರೊಕ್ಕ ಏನು ಮಾಡುತ್ತೀ ಎಂದು ಎಲ್ಲರೂ ಕೇಳಿದರು. ಮುದಿಯಪ್ಪ ಸಿದ್ದೇಶನನ್ನು ಕರೆಸಿದ. ಫೋನಿನ ಹರಾಜಿನಲ್ಲಿ ತನಗೊಂದು ಚಿತ್ರಕಥೆ ಕೊಂಡು ಕೊಡು ಎಂದ. ಕೊನೆಯ ಹಾಳೆ ಇರಲೇಬೇಕು. ಸಿದ್ದೇಶನಿಗೆ ಕಣ್ಣು ತುಂಬಿತು, ಕೊನೆಗೂ ಮುದಿಯಪ್ಪ ಕಾಕಾನಿಗೂ ನಮ್ಮ ರುಚಿ ಹತ್ತಿತೆಂದು. ಹರಿದವರ ಹಾವಳಿಯಲ್ಲಿ ಪೂರ್ತಿ ಪುಸ್ತಕ ಬೆಳ್ಳಿಯಂತಾಗಿತ್ತು. ಇದ್ದ ರೊಕ್ಕವೆಲ್ಲ ಒಂದೇ ಪುಸ್ತಕಕ್ಕೆ ಹೋಯಿತು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಹೊಡೆದು ಬಂತು. ಅಚ್ಚಾದಾಗಿನಿಂದ ಯಾರೂ ಬಿಡಿಸಿ ನೋಡದ ಪುಸ್ತಕ. ಸಿದ್ದೇಶ ಕೈಗವಸು ತೊಟ್ಟು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟ.

ಮುದಿಯಪ್ಪ ಹಲ್ಲಿನಿಂದ ಪ್ಲಾಸ್ಟಿಕ್ ಕಚ್ಚಿ ಬಿಚ್ಚಿದ. ಕೊನೆಯ ಹಾಳೆ ಪರ್ರೆಂದು ಹರಿದ.

ರೊಟ್ಟಿ ತಿನ್ನುತ್ತಿದ್ದವರು ತಾಟು ಹಿಡಿದು ನೋಡಿದರು. ಮುದಿಯಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡು ಪುಸ್ತಕವನ್ನು ಸಿದ್ದೇಶನ ಕೈಗಿಟ್ಟ.

"ಒಯ್ಯಿ. ದಿನಕ್ಕ ಎಂಟಾಣೆ. ಓದಿದ ಮ್ಯಾಲ ಬಾ."

"ಕಾಕಾ, ಐದು ಸಾವಿರ..."

"ಗ್ವಾಡಿ ಇಲ್ಲಲಾ ಈಗ. ಅದಕ್ಕ ಕಿಸೇದಾಗ ಇಟಗೊಂಡೀನಿ."

ಒಳಗಿನಿಂದ ಕಳಕಮ್ಮ, "ಹುಚ್ಚ ಬಿಡ್ತು ಅಂದ್ಕೊಂಡಿದ್ದೆ, ಜೋಳಿಗಿ ಹಿಡಕೊಂಡು ಬಂದೈತಿ," ಎಂದು ಹಿಟ್ಟು ಬಡಿದಳು.

ಪುಸ್ತಕ ಹೇಗೂ ಹಾಳಾಗಿತ್ತು. ಇನ್ನು ಬೆಲೆ ಇಳಿಯುವ ಹೆದರಿಕೆ ಇಲ್ಲ. ಕೊಪ್ಪಳದ ಬಸ್ಸಿನಲ್ಲಿ ಸಿದ್ದೇಶ ಕೈಗವಸು ಬಿಚ್ಚಿ, ಎಷ್ಟೋ ವರ್ಷಗಳ ಮೇಲೆ ಒಂದು ಚಿತ್ರಕಥೆಯನ್ನು ಓದಿದ. ರಾಜಕುಮಾರಿಯನ್ನು ಮೊಸಳೆ ನುಂಗುವಲ್ಲಿಗೆ ಹಾಳೆ ಮುಗಿದಿತ್ತು.

ಮರುದಿನ ಮೊದಲ ಬಸ್ಸಿಗೇ ಇಳಿದು, ಓಡುತ್ತ ಬಂದು, ಪುಸ್ತಕ ಚಾಚಿದ. ಮುದಿಯಪ್ಪ ಅದನ್ನು ಇಸಿದುಕೊಂಡ. ಕಿಸೆ ಮುಟ್ಟಿ ನೋಡಿಕೊಂಡ. ಮೆಟ್ಟಿಲು ತೋರಿಸಿದ.

"ಕುಂದ್ರು. ಉಂಡು ಬರ್ತೀನಿ."

ಒಳಗೆ ಹೋಗಿ ಸಾವಕಾಶ ಉಂಡ. ಎಲೆ ಅಡಿಕೆ ಹಾಕಿದ. ಆಮೇಲೆ ಕಿಸೆಯ ಮೇಲೆ ಕೈ ಇಟ್ಟುಕೊಂಡು ಒಂದು ನಿದ್ದೆ ತೆಗೆದ.